ಸಂಜೆ ಐದರ ಉಡಿ

ನಮ್ಮ ಅತ್ತೆ ಹೊಳಿಯಮ್ಮ ಕುಷ್ಟಗಿಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾದರೂ ಇಲ್ಲಿಯ ಯಾವುದೂ ಆಕೆಗೆ ಸೇರಿಲ್ಲ. ನೀರು ಉಪ್ಪು, ನೆಲ ಕಲ್ಲು, ಗಾಳಿ ತುಂಬ ಧೂಳು, ಸೊಸೆಯ ಸಾರಿನಲ್ಲಿ ಹುಳಿ ಜಾಸ್ತಿ. ಆಕೆಯ ತವರು ಹನುಮನಹಳ್ಳಿಯಲ್ಲಿ ಮಾತ್ರ ಎಲ್ಲವೂ ನೆಟ್ಟಗಿತ್ತು. ಹೊಳೆ ಮನೆಯ ಹಿಂದೆಯೇ ಹರಿಯುತ್ತಿತ್ತು, ಬಾಳೆಗೊನೆ ಕೈಗೆ ಎಟುಕುತ್ತಿತ್ತು, ಅಲ್ಲಿಯ ಅನ್ನಕ್ಕೆ ಸಾರೇ ಬೇಕಿರಲಿಲ್ಲವಂತೆ. ಮದುವೆಯಾದ ಹದಿನೇಳು ವರ್ಷದಲ್ಲಿ ಈ ಪುರಾಣ ಕೇಳಿ ಕೇಳಿ, ನಾನು ಕಣ್ಣಿಂದ ಕಾಣದ ಆ ಊರಿನ ಮೇಲೆ ನನಗೆ ಸವತಿಯ ಮೇಲೆ ಬರುವಂಥ ಸಿಟ್ಟು ಬಂದಿತ್ತು.

ಆ ಊರಿಗೆ ಆಕೆ ಕಾಲಿಡದೆ ಇಪ್ಪತ್ತೆರಡು ವರ್ಷವಾಗಿತ್ತು ಎನ್ನುವುದು ಬೇರೆ ಮಾತು. ಒಂದು ಪಂಚಮಿಗೆ ಹೋದಾಗ ತಮ್ಮನ ಹೆಂಡತಿ, ಈಕೆ ಬರುವುದೇ ಹಬ್ಬದ ಸೀರೆ ಗಿಟ್ಟಿಸಿಕೊಂಡು ಹೋಗುವುದಕ್ಕೆ ಎಂದು ನೆರೆಯವರ ಮುಂದೆ ಆಡಿಕೊಂಡಳಂತೆ. ಅತ್ತೆ ಆಗಿಂದಾಗಲೇ ಗಂಟು ಕಟ್ಟಿ ಬಸ್ಸು ಹತ್ತಿದಳು. ತವರಿನಿಂದ ಹೊರಟ ಮಗಳ ಸೆರಗಿನ ಮಡಿಲಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿ ಕಳಿಸಬೇಕು. ದಾರಿಯಲ್ಲಿ ಆ ಸೆರಗಿನ ಗಂಟು ಬಿಚ್ಚಬಾರದು. ಗಂಡನ ಮನೆಗೆ ತಂದು, ಆ ಅಕ್ಕಿ ಬೇಯಿಸಿ ಎಲ್ಲರೂ ಉಣ್ಣಬೇಕು. ಅತ್ತೆ ಅವತ್ತು ಬರಿ ಉಡಿಯಲ್ಲಿ ಬಂದಳು. ಆಮೇಲೆ ತಮ್ಮ ಕರೆಯಲಿಲ್ಲ, ಕರೆಯದೆ ಈಕೆ ಹೋಗಲಿಲ್ಲ. ನಮ್ಮ ಓಣಿಯಲ್ಲಿ ಯಾರ ಮಗಳಾದರೂ ಉಡಿ ತುಂಬಿಸಿಕೊಂಡು ಹೊರಟರೆ ಅತ್ತೆ ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತಿಕ್ಕುತ್ತ ಕೂರುತ್ತಿದ್ದಳು.

ಈ ಸಲದ ಜಗಳ ರೊಟ್ಟಿಯದು. ಆಕೆಯ ಬಲಗೈ ಮಣಿಕಟ್ಟು ಬಾತುಕೊಂಡಿತ್ತು, ಡಾಕ್ಟರು ರೊಟ್ಟಿ ಬಡಿಯಬೇಡಿ ಎಂದಿದ್ದರು. ನಾನು ತಾಲೂಕು ಪಂಚಾಯತಿಯಲ್ಲಿ ಕಂಪ್ಯೂಟರ್ ಕೆಲಸ ಮುಗಿಸಿ ಮನೆ ಸೇರುವಾಗ ಆರೂವರೆ. ಗಂಡ ರವಿಕುಮಾರ ಬಸ್ ಕಂಡಕ್ಟರು, ಆತನ ಡ್ಯೂಟಿಗೆ ಹೊತ್ತುಗೊತ್ತಿಲ್ಲ. ಹಾಗಾಗಿ ಖಾನಾವಳಿಯಿಂದ ರೊಟ್ಟಿ ತಂದೆ. ಅತ್ತೆ ತಾಟು ಸರಿಸಿದಳು.

"ಕೂಳು ಕೊಂಡು ತಿನ್ನೋ ಮನಿ ಆತಿದು."

"ನಿಮ್ಮ ಕೈ ನೋವಂತ ತಂದೀನ್ರಿ ಅತ್ತಿ."

"ನನ್ನ ಕೈ ನಿನಗ ನೆಪ. ನಮ್ಮ ಮನ್ಯಾಗ ಇಪ್ಪತ್ತು ಮಂದಿಗೆ ರೊಟ್ಟಿ ಬಡದಾಕಿ ನಾನು."

"ಹಂಗಾದ್ರ ನಿಮ್ಮ ಮನಿಗೇ ಹೋಗಿ ಬಡೀರಿ," ಎಂದುಬಿಟ್ಟೆ.

ಮಾವ ಗಾಳೆಪ್ಪನವರು ತಾಟಿನಿಂದ ತಲೆ ಎತ್ತಲಿಲ್ಲ. ಈ ವರ್ಷ ಕಾಲೇಜು ಸೇರಿದ ಮಗಳು ಮೇಘಾ ಫೋನು ಕೆಳಗಿಟ್ಟು ನನ್ನನ್ನೇ ನೋಡಿದಳು. ಅತ್ತೆ ನಾಲ್ಕು ದಿನ ನನ್ನ ಕೂಡ ಮಾತು ಬಿಟ್ಟಳು. ಉಪ್ಪು ಬೇಕಾದರೂ ಮೇಘಾಳ ಕೈಲಿ ಹೇಳಿಸುತ್ತಿದ್ದಳು.

ಐದನೆಯ ದಿನ ಫೋನು ಬಂತು. ಅತ್ತೆಯ ತಮ್ಮ ತಿರುಮಲೇಶ. ಕೊರೊನಾ ಕಾಲದಲ್ಲಿ ಆತನ ಹೆಂಡತಿ ತೀರಿಕೊಂಡಿದ್ದಳು, ಆಗ ಯಾರೂ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಈಗ ಆತನಿಗೆ ಲಕ್ವಾ ಹೊಡೆದು ಎಡಗೈ ಎಡಗಾಲು ಎಳೆದುಕೊಂಡಿದ್ದವು. ಮಾತು ತೊದಲುತ್ತಿತ್ತು. ಸಿಟ್ಟು ಸಾಕು, ಬಂದು ನಾಲ್ಕು ದಿನ ಇರು, ನಿನ್ನ ಉಡಿ ತುಂಬಿ ಕಳಿಸುವುದು ಬಾಕಿ ಐತಿ ಎಂದನಂತೆ. ಅತ್ತೆ ಫೋನು ಕಿವಿಗೆ ಹಿಡಿದುಕೊಂಡೇ ಅತ್ತಳು. ಅತ್ತಾದ ಮೇಲೆ ಮೊದಲು ಮಾತಾಡಿದ್ದು ನನ್ನ ಕೂಡವೇ. ಶೇಂಗಾ ಹುರಿ, ಹೋಳಿಗೆ ಮಾಡಿಕೊಂಡು ಹೋಗೋಣ ಎಂದಳು. ಎರಡು ದಿನ ಇಬ್ಬರೂ ಒಲೆ ಮುಂದೆ ಕೂತು ಹೋಳಿಗೆ ಬೇಯಿಸಿದೆವು. ಆ ಎರಡು ದಿನ ನನ್ನ ಕೈಯಡುಗೆಯಲ್ಲಿ ಹುಳಿ ಜಾಸ್ತಿಯಾಗಲಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ಐದೂ ಜನ ಹೊರಟೆವು. ತಾವರಗೇರಾ ದಾಟುವವರೆಗೆ ಅತ್ತೆ ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕನಕಗಿರಿ ದಾಟಿದ ಮೇಲೆ ಕಿಟಕಿ ಬಿಡಲಿಲ್ಲ. ಇಲ್ಲೊಂದು ಹುಣಸೆಮರ ಇತ್ತು, ಅಲ್ಲಿ ಅಪ್ಪ ಬಂಡಿ ಬಿಡುತ್ತಿದ್ದ, ಇನ್ನೊಂದು ತಿರುವು ದಾಟಿದರೆ ಭತ್ತದ ವಾಸನೆ ಬರುತ್ತದೆ. ಭತ್ತದ ವಾಸನೆ ಬರಲಿಲ್ಲ, ಸುಟ್ಟ ಹುಲ್ಲಿನ ಹೊಗೆ ಬಂತು. ಗದ್ದೆಯಲ್ಲಿ ಕೊಯ್ಲಿನ ಮಷೀನು ಓಡಾಡುತ್ತಿತ್ತು. ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಕೆ ದಿಕ್ಕು ತಪ್ಪಿ ನಿಂತಳು. ತವರಿನ ದಾರಿಯನ್ನು ಆಟೋದವನಿಗೆ ನಾನೇ ಹೇಳುತ್ತೇನೆ ಎಂದವಳು ಎರಡು ಸಲ ತಪ್ಪು ಹೇಳಿದಳು. ಆಟೋದವ ಅಜ್ಜಿ ನೀವು ಸುಮ್ಮನ ಕುಂದ್ರಿ ಎಂದ. ಅಂಜನಾದ್ರಿ ಗುಡ್ಡ ಕಂಡಾಗ ಮಾತ್ರ ಆಕೆ ತಪ್ಪಲಿಲ್ಲ. ಕೈ ಮುಗಿದು, ಚಪ್ಪಲಿಯಿಂದ ಕಾಲು ಹೊರಗೆ ತೆಗೆದಳು.

ಊರು ಎಂದರೆ ಏನು ಹೇಳಲಿ. ಬಾಡಿಗೆ ಸ್ಕೂಟರಿನ ಸಾಲು, ಬಿದಿರಿನ ಗುಡಿಸಲಿಗೆ ಬಣ್ಣದ ದೀಪ, ಇಂಗ್ಲಿಷ್ ಬೋರ್ಡು. ಬಾಳೆತೋಟದ ಅಂಚಿನ ಕಾಲುವೆಯಲ್ಲಿ ನೀರಿಗಿಂತ ಬಾಟಲಿ ಹೆಚ್ಚಿದ್ದವು. ಮಂದಿ ಉಂಡು ಬಿಸಾಕಿದ ಪ್ಲೇಟಿನ ರಾಶಿಗೆ ಒಂದು ಎಮ್ಮೆ ಬಾಯಿ ಹಾಕಿ ಅಗಿಯುತ್ತಿತ್ತು. ಯಾರೋ ಕಾರಿದ್ದು ಬಂಡೆಯ ಮೇಲೆ ಒಣಗಿತ್ತು. ಆ ಬಂಡೆಯ ಮೇಲೆ ತಾನು ಸಂಡಿಗೆ ಒಣಹಾಕುತ್ತಿದ್ದೆ ಎಂದು ಅತ್ತೆ ಮೇಘಾಗೆ ತೋರಿಸಿದಳು.

ಹೊಳೆ ಮನೆಯ ಹಿಂದೆಯೇ ಹರಿಯುತ್ತಿತ್ತು, ಅದೊಂದು ಸುಳ್ಳಾಗಿರಲಿಲ್ಲ. ಆದರೆ ಮನೆಗೂ ಹೊಳೆಗೂ ನಡುವೆ ತಿರುಮಲೇಶನ ಮಗ ನಾಗೇಶ ಪ್ರವಾಸಿಗರಿಗಾಗಿ ಆರು ಕೋಣೆ ಕಟ್ಟಿದ್ದ. ಆ ಕೋಣೆಗಳ ಬಚ್ಚಲು ನೀರು ಪೈಪಿನಲ್ಲಿ ಬಂದು ನೇರ ಮೆಟ್ಟಿಲ ಮೇಲೆ ಬೀಳುತ್ತಿತ್ತು. ಅತ್ತೆ ಬಟ್ಟೆ ಒಗೆಯುತ್ತಿದ್ದ ಮೆಟ್ಟಿಲದು. ಆಕೆ ಸೀರೆ ಮೇಲೆತ್ತಿ, ಆ ನೊರೆಯ ಪಕ್ಕದಲ್ಲೇ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತಳು.

"ಎಷ್ಟ ತಂಪೈತಿ ನೋಡು ರೂಪಾ, ನೀನೂ ಕಾಲ ಬಿಡು," ಎಂದಳು.

ನಾನು ಬಿಡಲಿಲ್ಲ. ಸೀರೆ ಒದ್ದೆಯಾಗುತ್ತದೆ ಎಂದು ಸುಳ್ಳು ಹೇಳಿದೆ.

ನಾಗೇಶ ಮನೆಯ ಮುಂಭಾಗಕ್ಕೆ ಹಳೆಯದು ಕಾಣುವ ಹಾಗೆ ಮಣ್ಣು ಮೆತ್ತಿಸಿದ್ದ, ಒಳಗೆ ಹೊಳೆಯುವ ಟೈಲ್ಸು. ಗೋಡೆಗೆ ಬಂಡಿಯ ಗಾಲಿ, ಮೂಲೆಯಲ್ಲಿ ದೀಪದ ಕೆಳಗೆ ಬೀಸೋಕಲ್ಲು. ಅವ್ವನ ಕಲ್ಲು ಎಂದು ಅತ್ತೆ ಅದನ್ನು ಸವರಿದಳು. ಹಳೆಯ ಸಾಮಾನು ಒಂದೂ ಬಿಟ್ಟಿಲ್ಲ, ಬರುವ ಮಂದಿಗೆ ಇದೇ ಬೇಕು ಎಂದು ನಾಗೇಶ ಹೆಮ್ಮೆಯಿಂದ ತೋರಿಸಿದ. ಅವನ ಹೆಂಡತಿ ಮಹೇಶ್ವರಿ ಊಟಕ್ಕೆ ಬಡಿಸಿದಳು, ಮಾತು ಕಡಿಮೆ. ತಿರುಮಲೇಶ ಮಂಚದ ಮೇಲಿಂದ ಅಕ್ಕನ ಕೈ ಹಿಡಿದು ಬಿಡಲಿಲ್ಲ. ಎಂಟು ದಿನ ಬಿಟ್ಟು ಕರೆದೊಯ್ಯುತ್ತೇವೆಂದು ಹೇಳಿ ನಾವು ನಾಲ್ವರೂ ತಿರುಗಿ ಬಂದೆವು.

ಎಂಟು ದಿನ ಹದಿನೈದಾಯಿತು. ನಾನು ಮುಚ್ಚಿಡುವುದಿಲ್ಲ, ಆ ದಿನಗಳು ನನಗೆ ಹಬ್ಬ. ಖಾನಾವಳಿ ರೊಟ್ಟಿ ಯಾರ ಅಪ್ಪಣೆಯಿಲ್ಲದೆ ತಾಟಿಗೆ ಬಂತು. ಭಾನುವಾರ ಎಂಟಕ್ಕೆ ಎದ್ದೆ. ಮಾವ ಮಾತ್ರ ದಿನಾ ಹೊಸ್ತಿಲಲ್ಲಿ ಕೂತು, ಇವತ್ತೇನಾದರೂ ಫೋನು ಬಂತೇನು ಎಂದು ಕೇಳುತ್ತಿದ್ದರು. ನಾವೇ ಮಾಡಿದರೆ ಅತ್ತೆ ಛಲೋ ಅದೀನಿ, ಮಂದಿ ಬಂದಾರ, ಇಡ್ತೀನಿ ಎಂದು ಇಟ್ಟುಬಿಡುತ್ತಿದ್ದಳು. ತವರಿನಲ್ಲಿ ಆರಾಮಾಗಿರಲಿ ಬಿಡಿ ಎಂದು ನಾನು ದೊಡ್ಡ ಮನಸ್ಸಿನವಳ ಹಾಗೆ ಹೇಳುತ್ತಿದ್ದೆ.

ಮೂರನೆಯ ವಾರ ಒಂದು ಸಂಜೆ ಮೇಘಾ ಫೋನು ಹಿಡಿದು ಅಡುಗೆಮನೆಗೆ ಓಡಿಬಂದಳು. ಯಾರೋ ಪ್ರವಾಸಿ ಹಾಕಿದ್ದ ವಿಡಿಯೋ. ಅಂಗಳದಲ್ಲಿ ಮಣೆಯ ಮೇಲೆ ನಮ್ಮ ಅತ್ತೆ, ಮೈಮೇಲೆ ಇಳಕಲ್ ಸೀರೆ, ಮಹೇಶ್ವರಿ ಉಡಿ ತುಂಬುತ್ತಿದ್ದಾಳೆ. ಅತ್ತೆಯ ಮುಖದಲ್ಲಿ ನಾನೆಂದೂ ಕಾಣದ ನಗು. ಮಾವ ಫೋನು ಕೈಗೆ ತೆಗೆದುಕೊಂಡು ಎರಡು ಸಲ ನೋಡಿದರು. ಕಣ್ಣೊರೆಸಿಕೊಂಡು, ಅಂತೂ ತುಂಬಿದರು, ನಾಳೆ ನಾಡಿದ್ದು ಬರುತ್ತಾಳೆ, ಅಕ್ಕಿ ಬೇಯಿಸಲು ದೊಡ್ಡ ಪಾತ್ರೆ ತೆಗೆದಿಡು ಎಂದರು.

ಮೇಘಾ ಹುಡುಕುತ್ತ ಹೋದಳು. ಮತ್ತೊಂದು ವಿಡಿಯೋ, ಹನ್ನೆರಡು ದಿನ ಹಿಂದಿನದು. ಅದೇ ಮಣೆ, ಅದೇ ಸೀರೆ, ಅದೇ ಉಡಿ. ಇನ್ನೊಂದು ಮೊನ್ನೆಯದು. ಒಂದರಲ್ಲಿ ಬಿಳಿಯ ಹೆಂಗಸೊಬ್ಬಳು ಅತ್ತೆಯ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಳು.

"ಅಪ್ಪಾ, ಅಜ್ಜಿ ಉಡಿ ಎಷ್ಟ ಸಲ ತುಂಬ್ತಾರ?" ಎಂದು ಮೇಘಾ ಕೇಳಿದಳು.

ರವಿಕುಮಾರ, ಅವ್ವ ಕಲಾವಿದೆ ಆದಳು ಎಂದು ನಗಲು ಹೋಗಿ, ಅಪ್ಪನ ಮುಖ ನೋಡಿ ನಗು ಅರ್ಧಕ್ಕೇ ಬಿಟ್ಟ. ಮಾವ ಫೋನನ್ನು ತಿರುವಿ ನೆಲದ ಮೇಲಿಟ್ಟರು. ನಾಳೆ ರಜೆ ಹಾಕು ಎಂದು ನನಗೆ ಹೇಳಿದರು, ಮಗನಿಗಲ್ಲ.

ಮಾವ, ನಾನು ಹನುಮನಹಳ್ಳಿ ಮುಟ್ಟಿದಾಗ ಸಂಜೆ ಐದು. ಅಂಗಳದ ಸುತ್ತ ಪ್ಲಾಸ್ಟಿಕ್ ಕುರ್ಚಿ, ಹತ್ತು ಹನ್ನೆರಡು ಜನ ಫೋನು ಎತ್ತಿ ಕೂತಿದ್ದರು. ನಾಗೇಶ ನಡುವೆ ನಿಂತು ಹಿಂದಿಯಲ್ಲಿ ಒಂದಿಷ್ಟು, ಇಂಗ್ಲಿಷಿನಲ್ಲಿ ಒಂದಿಷ್ಟು, ಮಗಳನ್ನು ಈ ನಾಡಿನಲ್ಲಿ ಹೇಗೆ ಕಳಿಸಿಕೊಡುತ್ತಾರೆ ಎಂದು ವಿವರಿಸುತ್ತಿದ್ದ. ಮಹೇಶ್ವರಿ ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಅರಿಶಿನ ಹಚ್ಚಿದಳು. ಅತ್ತೆ ಸೆರಗು ಗಂಟು ಕಟ್ಟಿ ಎದ್ದು ಕೈ ಮುಗಿದಳು. ಚಪ್ಪಾಳೆ ಬಿತ್ತು. ಮಂದಿ ಸೂರ್ಯ ಮುಳುಗುವುದನ್ನು ನೋಡಲು ಬಂಡೆಯ ಕಡೆ ಹೋದರು.

ಆಮೇಲೆ ಆದದ್ದನ್ನು ನೋಡಿ ನನಗೆ ಹೇಸಿಗೆಯಾಯಿತು. ಮಹೇಶ್ವರಿ ತಾಟು ಹಿಡಿದಳು. ಅತ್ತೆ ಯಾರೂ ಹೇಳದೆ ಗಂಟು ಬಿಚ್ಚಿ ಅಕ್ಕಿಯನ್ನು ತಾಟಿಗೆ ಸುರಿದಳು. ಕಾಯಿ ಇಟ್ಟಳು, ಖಣ ಮಡಿಚಿ ಇಟ್ಟಳು, ಸೆರಗಿಗೆ ಹತ್ತಿದ ಕಾಳನ್ನು ಉಗುರಿನಿಂದ ಬಿಡಿಸಿ ಹಾಕಿದಳು. ಹತ್ತಿರ ಹೋಗಿ ನೋಡಿದೆ. ಅಕ್ಕಿಯಲ್ಲಿ ಹುಳ ಹರಿದಾಡುತ್ತಿದ್ದವು. ವೀಳ್ಯದೆಲೆ ಬಾಡಬಾರದೆಂದು ಪ್ಲಾಸ್ಟಿಕ್ಕಿನವು ತಂದಿದ್ದರು. ಅರಿಶಿನದ ಕೊಂಬಿಗೆ ಬೂಸ್ಟು ಹಿಡಿದಿತ್ತು.

ಅತ್ತೆ ನಮ್ಮನ್ನು ಕಂಡು ಸೆರಗು ಎಳೆದುಕೊಂಡಳು. ಬಲಗೈಗೆ ಬಟ್ಟೆ ಸುತ್ತಿತ್ತು.

"ಇದೇನ್ರಿ ಅತ್ತಿ?"

"ಆಟ ಅಷ್ಟವ್ವ. ಬಂದ ಮಂದಿಗೆ ತೋರ್ಸಾಕ."

"ದಿನಾ ತುಂಬೋದು, ದಿನಾ ಬಿಚ್ಚೋದು. ನಿಮಗ ಏನೂ ಅನ್ಸಂಗಿಲ್ಲೇನ್ರಿ?"

"ನಾ ಹೋಗೋ ದಿನ ಖರೇ ಉಡಿ ತುಂಬ್ತಾರ," ಎಂದಳು ಗಟ್ಟಿಯಾಗಿ. "ತಮ್ಮ ಮಾತು ಕೊಟ್ಟಾನ. ನಡುವ ಎದ್ದು ಹೋದ್ರ ಹೆಂಗ ತುಂಬ್ತಾರ?"

ಆಕೆ ಮಲಗುವ ಜಾಗ ಮಾವ ನೋಡಿಬಂದರು. ಗ್ಯಾಸ್ ಸಿಲಿಂಡರ್ ಇಟ್ಟ ಕೋಣೆ, ಮೇಲೆ ಹಗ್ಗದಲ್ಲಿ ಒದ್ದೆ ಹಾಸಿಗೆ ಬಟ್ಟೆ. ಒಲೆಯ ಪಕ್ಕದಲ್ಲಿ ಮೊಳದೆತ್ತರ ರೊಟ್ಟಿ ಜೋಡಿಸಿತ್ತು. ಎಲ್ಲಾ ಆಕೆ ಬಡಿದವು. ಹಿತ್ತಲಲ್ಲಿ ಮಹೇಶ್ವರಿ ಮಂದಿ ಹೊದ್ದುಬಿಟ್ಟ ಚಾದರ ಹಿಂಡುತ್ತಿದ್ದಳು. ಒಂದು ತುದಿ ನಾನು ಹಿಡಿದೆ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು.

"ಮದಲ ಊರಾಗಿನ ಒಬ್ಬ ಮುದುಕಿ ಕೂಲಿಗೆ ಬರ್ತಿದ್ಲು, ರೊಟ್ಟಿಗೂ ಉಡಿಗೂ. ಆಕಿ ಭತ್ತದ ಕೆಲಸಕ್ಕ ಕಾರಟಗಿ ಕಡೆ ಹೋದ್ಲು. ಅವತ್ತ ಇವರು ನಿಮ್ಮ ಅತ್ತಿಗೆ ಫೋನ್ ಹಚ್ಚಿ ನಮ್ಮ ಮಾವನ ಕೈಗೆ ಕೊಟ್ರು."

ಈ ಮಾತನ್ನು ನಾನು ಇವತ್ತಿನವರೆಗೂ ಅತ್ತೆಗೆ ಹೇಳಿಲ್ಲ. ಚಾದರ ಹಿಂಡಿ ಹಗ್ಗಕ್ಕೆ ಹಾಕಿ, ನಾಗೇಶನನ್ನು ಹುಡುಕಿಕೊಂಡು ಹೋಗಿ ಜಗಳ ತೆಗೆದೆ. ಸೋದರತ್ತೆಯನ್ನು ಕೂಲಿಯಾಳು ಮಾಡಿದ್ದಕ್ಕೆ ನಾಚಿಕೆಯಾಗಬೇಕು, ಹುಳದ ಅಕ್ಕಿಯಲ್ಲಿ ಉಡಿ ತುಂಬುವುದಕ್ಕೆ ಕೈ ಹೇಗೆ ಬಂತು ಎಂದೆ. ಅವನು ಸಿಟ್ಟಾಗಲಿಲ್ಲ. ವರ್ಷದ ಕೊನೆಗೆ ಎಲ್ಲ ಕೋಣೆ ಬುಕ್ ಆಗಿವೆ, ಇನ್ನು ಹತ್ತು ದಿನ ಬಿಡಿ, ಆಮೇಲೆ ಜೋರಾಗಿ ಉಡಿ ತುಂಬಿ ಕಳಿಸುತ್ತೇನೆ ಎಂದ.

"ನಾ ಏನ ಉಪಾಸ ಕೆಡವೀನೇನಕ್ಕಾ? ವಿಡಿಯೋದಾಗ ಆಕಿ ಎಷ್ಟ ಛಂದ ನಗತಾಳ ನೋಡ್ರಿ. ನಿಮ್ಮ ಮನ್ಯಾಗ ಹಂಗ ನಗತಿದ್ಲೇನು?"

ಮೂರು ವಾರ ಮನೆ ತಣ್ಣಗಿದೆ ಎಂದು ಸುಖಪಟ್ಟವಳು ನಾನು. ಅವನ ಮೇಲೆ ಬಂದ ಹೇಸಿಗೆಯಲ್ಲಿ ಅರ್ಧ ನನ್ನ ಮೇಲೆಯೇ ಬಂತು. ಆಗ ಮಾವ ತಿರುಮಲೇಶನ ಮಂಚದ ಹತ್ತಿರ ಹೋಗಿ ನಿಂತರು. ಆ ಮನೆಯಲ್ಲಿ ಅವರು ಆಡಿದ್ದು ಅದೊಂದೇ ಮಾತು.

"ತಿರುಮಲೇಶ, ನಾಳಿ ಮುಂಜಾನಿ ನನ್ನ ಹೇಣ್ತಿನ್ನ ಕಳಿಸು. ಉಡಿ ತುಂಬಿ ಕಳಿಸು."

ಬೆಳಿಗ್ಗೆ ಮಂದಿ ಏಳುವ ಮೊದಲೇ ಮಹೇಶ್ವರಿ ಮನೆಯೊಳಗೆ ನೆಲ ಸಾರಿಸಿ ರಂಗೋಲಿ ಹಾಕಿದ್ದಳು. ಅವಳಿಗೆ ಅಷ್ಟು ಗೊತ್ತಿತ್ತು ಎಂದು ನನಗೆ ಸಮಾಧಾನವಾಯಿತು. ಡ್ರಮ್ಮಿನಿಂದ ಹೊಸ ಅಕ್ಕಿ ತೆಗೆದಿದ್ದಳು, ತೋಟದಿಂದ ನಿಜವಾದ ವೀಳ್ಯದೆಲೆ ತಂದಿದ್ದಳು. ಖಣ ತನ್ನ ಮದುವೆಯ ಟ್ರಂಕಿನದು, ಮಡಿಕೆ ಬಿಚ್ಚಿದರೆ ನುಸಿಗುಳಿಗೆ ವಾಸನೆ. ಅತ್ತೆ ಆ ಇಳಕಲ್ ಸೀರೆ ಬಿಟ್ಟು ಕುಷ್ಟಗಿಯಿಂದ ತಂದಿದ್ದ ತನ್ನ ಸೀರೆ ಉಟ್ಟಿದ್ದಳು. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದಳು. ಹೊಸ ಮದುಮಗಳಷ್ಟೇ ನಾಚಿಕೆಯಿಂದ ಬಂದು ಮಣೆಯ ಮೇಲೆ ಕೂತಳು. ತಿರುಮಲೇಶನನ್ನು ಎತ್ತಿ ಗೋಡೆಗೆ ಆನಿಸಿ ಕೂರಿಸಿದೆವು. ನಾಗೇಶ ಫೋನು ಹಿಡಿದು ಮೂಲೆಯಲ್ಲಿ ನಿಂತ.

ಮಹೇಶ್ವರಿ ಅರಿಶಿನ ಕುಂಕುಮ ಹಚ್ಚಿ ಐದು ಸಲ ಬೊಗಸೆ ತುಂಬ ಅಕ್ಕಿ ಹಾಕಿದಳು. ಕಾಯಿ, ಬೆಲ್ಲ, ಎಲೆ ಅಡಿಕೆ, ಖಣ. ಉಡಿ ಭಾರಕ್ಕೆ ಜೋತಿತು. ಅತ್ತೆ ಗಂಟು ಕಟ್ಟಿ, ಸೊಂಟಕ್ಕೆ ಸಿಕ್ಕಿಸಿ, ಎದ್ದು ದೇವರ ಜಗಲಿಗೆ ಕೈ ಮುಗಿದಳು. ಇಪ್ಪತ್ತೆರಡು ವರ್ಷದ್ದು ಮುಗಿಯಿತು ಎಂದುಕೊಂಡೆ.

ಅತ್ತೆ ತಿರುಗಿ ಬಂದು ಮಣೆಯ ಹತ್ತಿರ ಬಗ್ಗಿದಳು. ಕೆಳಗೆ ಬಿದ್ದ ಕಾಳು ಆರಿಸುತ್ತಾಳೆ ಎಂದುಕೊಂಡೆ. ಆಕೆ ಗಂಟು ಬಿಚ್ಚಿದಳು. ಅಕ್ಕಿಯನ್ನೆಲ್ಲ ತಾಟಿಗೆ ಸುರಿದಳು. ಕಾಯಿ ಇಟ್ಟಳು, ಖಣವನ್ನು ಮೊದಲಿನ ಮಡಿಕೆಯಲ್ಲೇ ಮಡಿಚಿ ಇಟ್ಟಳು. ಸೆರಗಿಗೆ ಹತ್ತಿದ ಕಾಳನ್ನು ಉಗುರಿನಿಂದ ಬಿಡಿಸಿ ಹಾಕಿದಳು. ಎಲ್ಲಾ ಮುಗಿಸಿ, ಖಾಲಿ ಸೆರಗು ಕೊಡವಿ, ತಲೆ ಎತ್ತಿ ನಮ್ಮ ಮುಖ ನೋಡಿದಳು. ಆಗ ಆಕೆಗೆ ತಿಳಿಯಿತು.

ತುಂಬಿದ ಉಡಿಯನ್ನು ತವರಿಗೇ ಸುರಿಯುವುದೆಂದರೆ ನಮ್ಮ ಕಡೆ ತವರು ಕಡಿದುಕೊಂಡ ಹಾಗೆ. ಕಡುಕೋಪದಲ್ಲೂ ಯಾವ ಮಗಳೂ ಹಾಗೆ ಮಾಡುವುದಿಲ್ಲ. ಮಹೇಶ್ವರಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಾವ ಗೋಡೆಯ ಕಡೆ ತಿರುಗಿದರು. ನಾಗೇಶ ಫೋನು ಕೆಳಗಿಳಿಸಲಿಲ್ಲ.

"ಏನಾಗಂಗಿಲ್ಲ ಬಿಡತ್ತಿ. ಇನ್ನೊಮ್ಮೆ ತುಂಬಿದ್ರಾತು, ಕುಂದ್ರು," ಎಂದ.

ಆ ಫೋನು ಕಿತ್ತುಕೊಂಡು ಹೊಳೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅವನ ಮುಂದೆ ಹೋಗಿ ಅಡ್ಡ ನಿಂತೆ ಅಷ್ಟೇ. ಅತ್ತೆ ಮಣೆಯ ಮೇಲೆ ಕೂರಲಿಲ್ಲ. ತನ್ನ ಎರಡು ಕೈಯನ್ನೂ ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದಳು.

"ಬ್ಯಾಡೋ ನಾಗೇಶ," ಎಂದಳು. "ಖರೇ ಯಾವುದು, ಆಟ ಯಾವುದು, ನನ್ನ ಕೈಗೇ ತಿಳೀಲಿಲ್ಲ."

ಒಳಗೆ ಹೋಗಿ ಚೀಲ ತಂದಳು. ಮಹೇಶ್ವರಿ ಕಾಲಿಗೆ ಬಿದ್ದಾಗ ತಲೆ ಸವರಿ, ನೀನು ಛಲೋ ತುಂಬಿದೆಯವ್ವ, ತಪ್ಪು ನಿನ್ನದಲ್ಲ ಎಂದಳು. ತಿರುಮಲೇಶ ಸರಿಯಿರುವ ಒಂದು ಕೈಯಿಂದ ಆಕೆಯ ಚೀಲದ ಹಿಡಿ ಹಿಡಿದುಕೊಂಡ. ಅವನ ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಅತ್ತೆ ಅದನ್ನು ತನ್ನ ಬರಿ ಸೆರಗಿನಿಂದ ಒರೆಸಿದಳು.

"ಅಕ್ಕಾ, ಮತ್ತ ಯಾವಾಗ ಬರ್ತಿ?" ಎಂದು ಅವನು ಕೇಳಿದ.

"ನಾ ಇನ್ನೂ ತವರಿಗೆ ಬಂದೇ ಇಲ್ಲೋ ತಮ್ಮಾ," ಎಂದಳು ಅತ್ತೆ. ಅವನ ಬೆರಳನ್ನು ಒಂದೊಂದಾಗಿ ಚೀಲದಿಂದ ಬಿಡಿಸಿ, ನಮಗಿಂತ ಮುಂದೆ ರಸ್ತೆಗೆ ಇಳಿದಳು.